ಬ್ರೇಕಿಗೆ ‘ಅಡ್ಜಸ್ಟ್’ ನಡೆಯಲ್ಲ

ರಾಗಿ ಒಕ್ಕಣೆಯ ಕಾಲ ಬಂತೆಂದರೆ ನಮ್ಮ ಕಡೆ ಡಾಂಬರು ರಸ್ತೆಯೇ ಕಣ. ತೆನೆ ಹರಡಿಬಿಟ್ಟರೆ ಆಯಿತು, ಬಸ್ಸು, ಲಾರಿ, ಟ್ರ್ಯಾಕ್ಟರ್ ಹಾದಂತೆಲ್ಲ ಕಾಳು ತಾನೇ ಉದುರುತ್ತೆ. ಇದು ಸರಿಯೋ ತಪ್ಪೋ ಎಂಬ ಚರ್ಚೆ ಇನ್ನೊಂದು ದಿನಕ್ಕಿರಲಿ. ಎರಡು ವರ್ಷದ ಹಿಂದೆ ಅಂಥದೊಂದು ಮಧ್ಯಾಹ್ನ ನಾನು ನಮ್ಮ ಹಳೇ ಹೆರಾಲ್ಡ್ ಕಾರಿನಲ್ಲಿ ತಳಿಯಿಂದ ಗುಮ್ಮಳಾಪುರಕ್ಕೆ ವಾಪಸು ಬರುತ್ತಿದ್ದೆ. ಮುಂದೆ ಇಳಿಜಾರು. ಕೆಳಗೆ ನಾಲ್ಕೈದು ಜನ ಹೆಂಗಸರು ರಸ್ತೆಯ ಮೇಲೆ ಹುಲ್ಲು ಮಗುಚುತ್ತಿದ್ದರು. ಬ್ರೇಕ್ ಮೇಲೆ ಕಾಲಿಟ್ಟೆ. ಪೆಡಲ್ ಮೊದಲು ಮೆತ್ತಗಾಯಿತು, ಆಮೇಲೆ ಬೆಣ್ಣೆಯೊಳಗೆ ಇಳಿದ ಹಾಗೆ ತಳಕ್ಕೆ ಹೋಗಿ ಕೂತುಬಿಟ್ಟಿತು. ಎತ್ತಿ ಇನ್ನೊಂದು ಸಲ ಒತ್ತಿದೆ. ಏನೂ ಇಲ್ಲ.

ಹಾರನ್ ಒತ್ತಿ ಹಿಡಿದೆ. ಗೇರನ್ನು ಮೂರರಿಂದ ಎರಡಕ್ಕೆ ಎಳೆದೆ. ಹ್ಯಾಂಡ್‌ಬ್ರೇಕ್ ಪೂರ್ತಿ ಎತ್ತಿದೆ. ಗಾಡಿ ಗೊರಗೊರ ಅನ್ನುತ್ತಾ ಎಡಕ್ಕೆ ಲಂಟಾನ ಬೇಲಿಗೆ ಉಜ್ಜಿಕೊಂಡು ನಿಂತಾಗ, ಹುಲ್ಲಿನ ರಾಶಿಗೂ ಬಂಪರಿಗೂ ಮಧ್ಯೆ ಒಂದು ಮಾರು ಜಾಗ ಉಳಿದಿತ್ತು. ಹೆಂಗಸರೆಲ್ಲ ಹೊಲಕ್ಕೆ ಹಾರಿದ್ದರು. ಯಾರಿಗೂ ಏನೂ ಆಗಲಿಲ್ಲ, ದೇವರು ದೊಡ್ಡವನು. ಅವರಲ್ಲಿ ವಯಸ್ಸಾದ ಒಬ್ಬಾಕೆ ಮಾತ್ರ ಹತ್ತಿರ ಬಂದು, ಬೈಯದೆಯೇ ಬೈದರು:

“ಹಳೇ ಗಾಡಿ ಮಡಿಕ್ಕೋ ಸ್ವಾಮಿ, ಯಾರು ಬೇಡಾಂದ್ರು? ನಿಲ್ಸಾಕೆ ಬಂದ್ರೆ ಮಾತ್ರ ಓಡ್ಸು.”

ಆ ಮಾತು ಇವತ್ತಿಗೂ ಕಿವಿಯಲ್ಲಿದೆ. ಅಲ್ಲಿಂದ ಶುರುವಾಯಿತು ನೋಡಿ, ನನ್ನ ಬ್ರೇಕ್ ಸಾಮಾನಿನ ಬೇಟೆ. ಮುಗಿಯಲು ಹತ್ತಿರ ಹತ್ತಿರ ಒಂದು ವರ್ಷ ಹಿಡಿಯಿತು. ಹಳೇ ಕಾರು ಇಲ್ಲದವರೂ ಇದನ್ನು ಓದಿದರೆ ನಷ್ಟವಿಲ್ಲ. ಟ್ರೇಲರ್, ಪಿಕಪ್, ಟೆಂಪೊ ಇಟ್ಟುಕೊಂಡವರೆಲ್ಲರ ಕಾಲ ಕೆಳಗೂ ಇರುವುದು ಇದೇ ಪೆಡಲ್ಲು.

ಮದ್ರಾಸಿನಲ್ಲಿ ಹುಟ್ಟಿದ ಇಂಗ್ಲಿಷ್ ಕಾರು

ಹೊಸಬರಿಗೆ ಹೆರಾಲ್ಡ್ ಅಂದರೆ ಗೊತ್ತಾಗಲಿಕ್ಕಿಲ್ಲ. ಇಂಗ್ಲೆಂಡಿನ ಟ್ರಯಂಫ್ ಕಂಪನಿಯವರು 1959ರಲ್ಲಿ ಹೊರತಂದ ಕಾರು ಅದು. ಆಕಾರ ಕೊಟ್ಟವರು ಇಟಲಿಯ ಜಿಯೊವಾನಿ ಮಿಕೆಲೊಟ್ಟಿ. 1961ರಿಂದ ಮದ್ರಾಸಿನ ಸ್ಟ್ಯಾಂಡರ್ಡ್ ಮೋಟಾರ್ ಪ್ರಾಡಕ್ಟ್ಸ್ ಕಂಪನಿ ಅದನ್ನು ಇಲ್ಲೇ ತಯಾರಿಸಿ ‘ಸ್ಟ್ಯಾಂಡರ್ಡ್ ಹೆರಾಲ್ಡ್’ ಎಂದು ಮಾರಿತು. ಅಂಬಾಸಿಡರ್, ಫಿಯೆಟ್ ಬಿಟ್ಟರೆ ಆಗ ನಮ್ಮ ದಕ್ಷಿಣದ ರಸ್ತೆಗಳಲ್ಲಿ ಕಾಣುತ್ತಿದ್ದ ಮೂರನೇ ಕಾರು ಅಂದರೆ ಇದೇ. 948 ಸಿಸಿ ಎಂಜಿನ್ನು. ಮುಂದಿನ ಬಾನೆಟ್ಟು ಮಡ್‌ಗಾರ್ಡ್ ಸಮೇತ ಮೊಸಳೆ ಬಾಯಿ ತೆರೆದ ಹಾಗೆ ಪೂರ್ತಿ ಮೇಲೇಳುತ್ತೆ. ಮುಂದಿನ ಚಕ್ರ ಎಷ್ಟು ತಿರುಗುತ್ತೆ ಅಂದರೆ 25 ಅಡಿ ಅಗಲದೊಳಗೆ ಗಾಡಿ ಸುತ್ತಿ ಬರುತ್ತೆ. ನಮ್ಮೂರಿನ ಬೀದಿಗೆ ಹೇಳಿ ಮಾಡಿಸಿದ ಹಾಗೆ.

ನಮ್ಮದು 1969ರ ಮಾಡೆಲ್, ನಾಲ್ಕು ಬಾಗಿಲಿನ ಮಾರ್ಕ್ 3. ನಮ್ಮ ತಂದೆ ಬೆಂಗಳೂರಿನಲ್ಲಿ ಸೆಕೆಂಡ್‌ಹ್ಯಾಂಡ್ ಕೊಂಡು ತಂದದ್ದು. ಅದರಲ್ಲಿ ಆನೇಕಲ್ ಸಂತೆಗೆ ಹುರುಳಿ ಹೋಗಿದೆ, ಹೊಸೂರಿನ ಆಸ್ಪತ್ರೆಗೆ ಬಸುರಿಯರು ಹೋಗಿದ್ದಾರೆ. 1970ರ ದಶಕ ಶುರುವಾಗುತ್ತಲೇ ಹೆರಾಲ್ಡ್ ನಿಂತಿತು. ಅದರ ಜಾಗಕ್ಕೆ ಬಂದ ಗೆಜೆಲ್ ಕೂಡ ಆ ದಶಕ ದಾಟಲಿಲ್ಲ. 1980ರ ದಶಕ ಮುಗಿಯುವ ಹೊತ್ತಿಗೆ ಕಂಪನಿಯ ಕಾರು ತಯಾರಿಕೆಯೇ ನಿಂತುಹೋಯಿತು. ತಂದೆ ತೀರಿಕೊಂಡ ಮೇಲೆ ಗಾಡಿ ಷೆಡ್ಡಿನಲ್ಲಿ ರಾಗಿ ಮೂಟೆಗಳ ಪಕ್ಕ ಬಹಳ ವರ್ಷ ಮಲಗಿತ್ತು. ನಾನು ಎಬ್ಬಿಸಿದೆ. ಎಬ್ಬಿಸಿದ್ದು ತಪ್ಪಲ್ಲ. ಎಬ್ಬಿಸಿದ ರೀತಿ ತಪ್ಪು.

ಬೆಳ್ಳಗಿರುವುದೆಲ್ಲ ಹಾಲಲ್ಲ

ಅಂದು ಬ್ರೇಕ್ ಹೋಗಲು ಕಾರಣ ಯಾರೂ ಅಲ್ಲ, ನಾನೇ. ಡಬ್ಬಿಯಲ್ಲಿ ಬ್ರೇಕ್ ಆಯಿಲ್ ಕಡಿಮೆಯಾಗಿತ್ತು. ಷೆಡ್ಡಿನಲ್ಲಿ ಬ್ರೇಕ್ ಆಯಿಲ್ ಚೀಟಿ ಅಂಟಿಸಿದ್ದ ಹಳೇ ಬಾಟಲಿ ಸಿಕ್ಕಿತು, ಸುರಿದೆ. ಆ ಬಾಟಲಿಗೆ ಯಾವಾಗಲೋ ಟ್ರ್ಯಾಕ್ಟರಿನ ಹೈಡ್ರಾಲಿಕ್ ಆಯಿಲ್ ತುಂಬಿಸಿಟ್ಟಿದ್ದೆವು. ರೈತರ ಮನೆಯ ಷೆಡ್ಡು ಹೇಗಿರುತ್ತೆ ಅಂತ ಬೇರೆ ಹೇಳಬೇಕೇ?

ಇಲ್ಲಿ ಹೆಸರೇ ನಮಗೆ ಮೋಸ ಮಾಡುತ್ತೆ. ಕನ್ನಡದಲ್ಲಿ, ತಮಿಳಿನಲ್ಲಿ, ತೆಲುಗಿನಲ್ಲಿ ಎಲ್ಲರೂ ‘ಬ್ರೇಕ್ ಆಯಿಲ್’ ಅನ್ನುತ್ತೇವೆ. ಆದರೆ ಅದು ಎಣ್ಣೆಯೇ ಅಲ್ಲ. ಗ್ಲೈಕಾಲ್ ಜಾತಿಯ ದ್ರವ. ನೀರಿನೊಂದಿಗೆ ಬೆರೆಯುತ್ತೆ, ಎಣ್ಣೆ ಬೆರೆಯಲ್ಲ. ಬ್ರೇಕಿನ ಒಳಗಿರುವ ರಬ್ಬರ್ ವಾಷರುಗಳು ಆ ದ್ರವಕ್ಕೆಂದೇ ಮಾಡಿದವು. ಅವಕ್ಕೆ ಎಂಜಿನ್ ಆಯಿಲ್ಲೋ ಹೈಡ್ರಾಲಿಕ್ ಆಯಿಲ್ಲೋ ಸೀಮೆಎಣ್ಣೆಯೋ ತಾಗಿತೆಂದರೆ ನೆನೆಹಾಕಿದ ಕಡಲೆಯ ಹಾಗೆ ಊದಿ ಮೆತ್ತಗಾಗುತ್ತವೆ. ಮೊದಲು ಬ್ರೇಕ್ ಹಿಡಿದುಕೊಳ್ಳುತ್ತೆ, ಆಮೇಲೆ ವಾಷರ್ ಮಡಚಿಕೊಂಡು ಒತ್ತಡವೇ ನಿಲ್ಲದೆ ಹೋಗುತ್ತೆ. ನನಗೆ ಆದದ್ದೂ ಅದೇ.

ಇದರಲ್ಲಿ ಇನ್ನೊಂದು ಸಂಗತಿ. ಹೆರಾಲ್ಡ್‌ನಂಥ ಹಳೇ ಗಾಡಿಗಳಲ್ಲಿ ನಾಲ್ಕು ಚಕ್ರಕ್ಕೂ ಸೇರಿ ಒಂದೇ ಕೊಳಾಯಿ ಸಾಲು. ಎಲ್ಲಿ ಒಂದು ಕಡೆ ಸೋರಿದರೂ ನಾಲ್ಕೂ ಚಕ್ರದ ಬ್ರೇಕ್ ಒಟ್ಟಿಗೆ ಹೋಗುತ್ತೆ. ಈಗಿನ ಕಾರುಗಳಲ್ಲಿ ಎರಡು ಸಾಲು ಬೇರೆ ಬೇರೆ ಇರುವುದರಿಂದ ಒಂದು ಹೋದರೆ ಇನ್ನೊಂದು ಸ್ವಲ್ಪವಾದರೂ ಕೈ ಹಿಡಿಯುತ್ತೆ. ಅಂದು ನನ್ನನ್ನು ಉಳಿಸಿದ್ದು ಹ್ಯಾಂಡ್‌ಬ್ರೇಕು. ಅದು ಕೇಬಲ್ಲಿನದು, ಹಿಂದಿನ ಎರಡು ಚಕ್ರಕ್ಕೆ ಮಾತ್ರ.

ತಪ್ಪು ಎಣ್ಣೆ ಒಂದು ಸಲ ಒಳಗೆ ಹೋಯಿತೆಂದರೆ ಬರೀ ತೊಳೆದರೆ ಸಾಲದು. ಮಾಸ್ಟರ್ ಸಿಲಿಂಡರಿನಿಂದ ಹಿಡಿದು ಚಕ್ರದ ಹತ್ತಿರದ ಹೋಸ್‌ವರೆಗೆ ರಬ್ಬರ್ ಅನ್ನುವುದೆಲ್ಲ ಬದಲಾಗಬೇಕು. ಅಂದರೆ, ತಯಾರಿಕೆ ನಿಂತು ಅರ್ಧ ಶತಮಾನವಾದ ಕಾರಿಗೆ ಬ್ರೇಕಿನ ಸಾಮಾನೆಲ್ಲ ಹೊಸದಾಗಿ ಹುಡುಕಬೇಕು!

ಮೂರು ಭಾಷೆ, ಒಂದೇ ಮಾತು

ಮೊದಲು ಹತ್ತಿರದ ಪೇಟೆಯ ಒಂದು ಅಂಗಡಿಗೆ ಹೋದೆ. ಹೆಸರು ಬೇಡ. ಹಳೇ ವಾಷರ್ ತೋರಿಸಿದೆ. ಅಂಗಡಿಯವರು ಬೆರಳಲ್ಲಿ ಹಿಡಿದು, ಕಣ್ಣು ಕಿರಿದು ಮಾಡಿ ನೋಡಿ, ಡಬ್ಬಿಯಿಂದ ಇನ್ನೊಂದು ತೆಗೆದಿಟ್ಟರು. “ಅಡ್ಜಸ್ಟ್ ಆಯಿಡುಂ ಸಾರ್” ಅಂದರು ತಮಿಳಿನಲ್ಲಿ. ನಮ್ಮ ಮೆಕ್ಯಾನಿಕ್ ತೆಲುಗಿನವನು. ಅವನೂ ನೋಡಿ, “ಅಡ್ಜಸ್ಟ್ ಅವುತುಂದಿ ಅಣ್ಣಾ” ಅಂದ. ನಾನು ಕನ್ನಡದವನು, “ಅಡ್ಜಸ್ಟ್ ಆಗುತ್ತೆ ಬಿಡು” ಅಂದೆ. ಗಡಿಯಲ್ಲಿ ಭಾಷೆಯ ಮೇಲೆ ಎಷ್ಟು ಜಗಳವಾಗಿದೆಯೋ ಗೊತ್ತಿಲ್ಲ, ಈ ಒಂದು ಮಾತಿನಲ್ಲಿ ಮಾತ್ರ ಮೂವರೂ ಒಂದೇ!

ಹಾಕಿದೆವು. ಬ್ರೇಕ್ ಹಿಡಿಯಿತು. ಎಂಟನೇ ದಿನ ಬೆಳಿಗ್ಗೆ ನೋಡಿದರೆ ಹಿಂದಿನ ಎಡ ಚಕ್ರದ ಕೆಳಗೆ ನೆಲ ಒದ್ದೆ.

ಈ ಸಲ ನಾನು ಮೆಕ್ಯಾನಿಕ್ ಹತ್ತಿರ ಹೋಗುವ ಮೊದಲು ಹೊಸೂರಿನ ಒಂದು ಲೇತ್ ಕಾರ್ಖಾನೆಗೆ ಹೋದೆ. ಅಲ್ಲಿ ದೊಡ್ಡ ಕಂಪನಿಗಳಿಗೆ ಸಣ್ಣ ಸಣ್ಣ ಭಾಗ ಮಾಡಿಕೊಡುವ ವರ್ಕ್‌ಶಾಪುಗಳಿಗೆ ಬರವಿಲ್ಲ. ಅಲ್ಲಿನ ಹಿರಿಯ ಕೆಲಸಗಾರರು ವರ್ನಿಯರ್ ಹಾಕಿ ಸಿಲಿಂಡರ್ ಒಳಬಾಯಿ ಅಳೆದರು. 17.78 ಮಿಲಿಮೀಟರ್. ಅಂದರೆ ಸರಿಯಾಗಿ 0.70 ಇಂಚು. ನಾವು ತುರುಕಿದ್ದ ವಾಷರ್ ಮುಕ್ಕಾಲು ಇಂಚಿನ, ಅಂದರೆ 19.05 ಮಿಲಿಮೀಟರಿನ ಸಿಲಿಂಡರಿಗೆ ಮಾಡಿದ್ದು. ವ್ಯತ್ಯಾಸ ಒಂದೂಕಾಲು ಮಿಲಿಮೀಟರ್. ಕಣ್ಣಿಗೆ ಅದು ಲೆಕ್ಕವೇ ಅಲ್ಲ. ಆದರೆ ವಾಷರಿನ ತುಟಿ ಒಳಗೆ ಮಡಚಿಕೊಂಡು ಒಂದು ಸುಕ್ಕು ಬಿದ್ದಿತ್ತು. ಸೋರಿದ್ದು ಆ ಸುಕ್ಕಿನ ಸಂದಿನಿಂದ.

“ಕಣ್ಣು ಹಣ್ಣು ನೋಡೋಕೆ ಸಾರ್,” ಅಂದರು ಅವರು. “ಬ್ರೇಕ್ ನೋಡೋಕೆ ವರ್ನಿಯರ್ ಬೇಕು.”

ಗಟ್ಟಿ ಪೆಡಲ್ಲಿನ ಮೋಸ

ಮುಂದೆ ಬೆಂಗಳೂರಿನ ಜೆ.ಸಿ. ರಸ್ತೆ. ಮೋಟಾರು ಸಾಮಾನು ಅಲ್ಲಿ ಸಿಗದಿದ್ದರೆ ಇನ್ನೆಲ್ಲಿ ಸಿಗಬೇಕು ಎಂದು ನಮ್ಮ ತಂದೆ ಕಾಲದಿಂದಲೂ ಮಾತು. ಮೂರು ದಿನ ಅಲೆದೆ. ಒಂದು ಅಂಗಡಿಯ ಅಟ್ಟದಲ್ಲಿ, ಮಣ್ಣು ಮೆತ್ತಿಕೊಂಡ ಡಬ್ಬಿಯಲ್ಲಿ, ಗರ್ಲಿಂಗ್ ಮಾದರಿಯ ಒಂದು ಹೊಸ ಮಾಸ್ಟರ್ ಸಿಲಿಂಡರ್ ಸಿಕ್ಕಿತು. ಬೋಲ್ಟಿನ ತೂತು ಸರಿ, ಉದ್ದ ಸರಿ, ಬಣ್ಣವೂ ಸರಿ. ಸಂತೋಷಕ್ಕೆ ಬೆಲೆಯ ಬಗ್ಗೆ ಚೌಕಾಸಿಯನ್ನೂ ಮಾಡಲಿಲ್ಲ.

ಗರ್ಲಿಂಗ್ ಅಂದರೆ ಇಂಗ್ಲೆಂಡಿನ ಬ್ರೇಕ್ ಮನೆತನ. ಆ ಕಾಲದ ಇಂಗ್ಲಿಷ್ ಕಾರುಗಳಲ್ಲಿ ಎರಡು ಬ್ರೇಕ್ ವಂಶ: ಗರ್ಲಿಂಗ್ ಮತ್ತು ಲಾಕ್‌ಹೀಡ್. ಒಂದರ ಸಾಮಾನು ಇನ್ನೊಂದಕ್ಕೆ ಆಗಲ್ಲ. 1962ರಲ್ಲಿ ಟಿವಿಎಸ್ ಬಳಗದವರು ಇಂಗ್ಲೆಂಡಿನ ಲ್ಯೂಕಾಸ್ ಕಂಪನಿಯೊಂದಿಗೆ ಕೂಡಿ ಮದ್ರಾಸ್ ಹತ್ತಿರದ ಪಾಡಿಯಲ್ಲಿ ಬ್ರೇಕ್ಸ್ ಇಂಡಿಯಾ ಕಾರ್ಖಾನೆ ಶುರುಮಾಡಿದರು. ಗರ್ಲಿಂಗ್ ಹೆಸರು ನಮ್ಮ ಮೆಕ್ಯಾನಿಕ್‌ಗಳ ಬಾಯಲ್ಲಿ ಉಳಿದಿರುವುದು ಆ ಸಂಬಂಧದಿಂದಲೇ.

ಸಿಲಿಂಡರ್ ಹಾಕಿದ ಮೇಲೆ ಪೆಡಲ್ ಕಲ್ಲಿನ ಹಾಗೆ ಗಟ್ಟಿಯಾಯಿತು. ನೋಡಿದವರೆಲ್ಲ, “ಆಹಾ, ಬ್ರೇಕ್ ಅಂದ್ರೆ ಹೀಗಿರಬೇಕು” ಅಂದರು. ನಾನೂ ಹಿಗ್ಗಿದೆ. ಆದರೆ ಗಾಡಿ ನಿಲ್ಲಿಸಲು ಮೊದಲಿಗಿಂತ ಜಾಸ್ತಿ ತುಳಿಯಬೇಕಾಗುತ್ತಿತ್ತು. ನನ್ನ ಹೆಂಡತಿ ಒಂದು ದಿನ ಓಡಿಸಿ, “ಇದು ಬ್ರೇಕಾ, ಒನಕೆಯಾ?” ಅಂತ ಕೇಳಿದಳು. ಆಗ ಹಳೇ ಸಿಲಿಂಡರ್ ತೊಳೆದು ನೋಡಿದೆ. ಮೈಮೇಲೆ ಎರಕದಲ್ಲೇ ಸಣ್ಣ ಅಂಕಿ: .625. ಹೊಸದರ ಮೇಲೆ: .70.

ಇದನ್ನು ಹಸುವಿಗೆ ಸೂಜಿ ಹಾಕುವ ಸಿರಿಂಜಿನ ಲೆಕ್ಕದಲ್ಲಿ ಹೇಳಿದರೆ ಬೇಗ ಅರ್ಥವಾಗುತ್ತೆ. ಸಣ್ಣ ಸಿರಿಂಜಿನಲ್ಲಿ ಹೆಬ್ಬೆರಳು ಸಲೀಸಾಗಿ ಒತ್ತುತ್ತೆ, ಆದರೆ ಬಹಳ ದೂರ ಒತ್ತಬೇಕು. ದಪ್ಪ ಸಿರಿಂಜಿನಲ್ಲಿ ಸ್ವಲ್ಪ ದೂರ ಒತ್ತಿದರೆ ಸಾಕು, ಆದರೆ ಹೆಬ್ಬೆರಳು ನೋಯುತ್ತೆ. ಸಿಲಿಂಡರ್ 0.625 ಇಂಚಿನಿಂದ 0.70ಕ್ಕೆ ಹೋದರೆ ಅಡ್ಡಳತೆ ಹೆಚ್ಚಿದ್ದು ನೂರಕ್ಕೆ 12. ಆದರೆ ಒತ್ತಡಕ್ಕೆ ಲೆಕ್ಕ ಬರುವುದು ವೃತ್ತದ ವಿಸ್ತೀರ್ಣ. ಅದು ನೂರಕ್ಕೆ 25 ಹೆಚ್ಚುತ್ತೆ. ಅಂದರೆ ಅದೇ ಒತ್ತಡ ಬರಿಸಲು ಕಾಲಿನ ಬಲ ಕಾಲು ಭಾಗ ಜಾಸ್ತಿ ಬೇಕು. ಪೆಡಲ್ ಗಟ್ಟಿಯಾಗಿದೆ ಎಂದು ನಾವು ಮೆಚ್ಚಿಕೊಂಡದ್ದು, ಬ್ರೇಕ್ ಬಲಹೀನವಾದದ್ದನ್ನೇ!

ಆ ಸಿಲಿಂಡರ್ ಬೇರೆ ಯಾವುದೋ ಗಾಡಿಗೆ ಸರಿಯಾದದ್ದೇ. ಸಾಮಾನು ಕೆಟ್ಟದ್ದಲ್ಲ, ನನ್ನ ಗಾಡಿಯದಲ್ಲ, ಅಷ್ಟೇ. ಅಂಗಡಿಯವರನ್ನು ದೂರಿ ಫಲವಿಲ್ಲ. ಅಂಕಿ ಎರಕದಲ್ಲೇ ಇತ್ತು, ಓದದೆ ಹೋದವನು ನಾನು.

ಸೋದರ ಸಂಬಂಧಿ ಬಂದ

ಅಷ್ಟರಲ್ಲಿ ಪರಿಚಯದವರ ಮೂಲಕ ಬೆಂಗಳೂರಿನ ಒಬ್ಬರ ಸಂಪರ್ಕವಾಯಿತು. ಅವರ ಹತ್ತಿರ ಟ್ರಯಂಫ್ ಸ್ಪಿಟ್‌ಫೈರ್ ಇದೆ. ಎರಡೇ ಸೀಟಿನ, ಮೇಲ್ಛಾವಣಿ ಮಡಚುವ ಸ್ಪೋರ್ಟ್ಸ್ ಕಾರು. ಒಂದು ಭಾನುವಾರ ಅದನ್ನು ಓಡಿಸಿಕೊಂಡು ಆನೇಕಲ್, ತಳಿ ದಾರಿಯಲ್ಲಿ ನಮ್ಮೂರಿಗೇ ಬಂದುಬಿಟ್ಟರು. ಹೊರಗಿನವರಿಗೆ ಗುಮ್ಮಳಾಪುರ ಅಂದರೆ ಕೆನೆತ್ ಆಂಡರ್ಸನ್ 1954ರ ಪುಸ್ತಕದಲ್ಲಿ ಬರೆದ ನರಭಕ್ಷಕ ಚಿರತೆಯೇ ನೆನಪಾಗುವುದು. ಇವರೂ ಇಳಿದವರೇ ಅದನ್ನೇ ಕೇಳಿದರು. “ಚಿರತೆ ಹೋಯ್ತು ಸ್ವಾಮಿ, ಈಗ ನನ್ನ ಕಾರೇ ನರಭಕ್ಷಕ” ಅಂದೆ.

ಸ್ಪಿಟ್‌ಫೈರ್ 1962ರಲ್ಲಿ ಬಂದದ್ದು. ಹೆರಾಲ್ಡಿನ ಚಾಸಿಯನ್ನೇ ಗಿಡ್ಡ ಮಾಡಿ, ಅದೇ ಮಿಕೆಲೊಟ್ಟಿ ಕೈಯಲ್ಲಿ ಹೊಸ ಮೈ ಕಟ್ಟಿಸಿ ಮಾಡಿದ ಕಾರು. ಎರಡನ್ನೂ ಹುಣಸೆಮರದ ಕೆಳಗೆ ಪಕ್ಕಪಕ್ಕ ನಿಲ್ಲಿಸಿ ಬಾನೆಟ್ ಎತ್ತಿದಾಗ ಹುಡುಗರೆಲ್ಲ ಮುತ್ತಿಕೊಂಡರು. ಒಂದು ಪೇಟೆಯಲ್ಲಿ ಓದಿ ಬೆಳೆದ ಮಗ, ಇನ್ನೊಂದು ಊರಲ್ಲೇ ಉಳಿದು ಹೊಲ ನೋಡಿಕೊಂಡ ಮಗ ಇದ್ದ ಹಾಗೆ. ಮೂಳೆ ಒಂದೇ, ಮೈ ಬೇರೆ.

ಆದರೆ ಇಲ್ಲೇ ಎಚ್ಚರ ಬೇಕಾದದ್ದು. ಹಿಂದಿನ ಚಕ್ರದಲ್ಲಿ ಎರಡಕ್ಕೂ 7 ಇಂಚಿನ ಡ್ರಮ್ಮು. ಮುಂದೆ ನೋಡಿದರೆ ಸ್ಪಿಟ್‌ಫೈರಿಗೆ ಡಿಸ್ಕ್ ಬ್ರೇಕು, ನಮ್ಮ ಹೆರಾಲ್ಡಿಗೆ 8 ಇಂಚಿನ ಡ್ರಮ್ಮು. ಡಿಸ್ಕ್ ಅನ್ನುವುದು ಈಗ ಮೋಟಾರ್ ಸೈಕಲ್ಲಿಗೂ ಬಂದಿದೆ. ಆದರೆ ಅದೇ ಟ್ರಯಂಫ್ ಕಂಪನಿ 1956ರಲ್ಲಿ ಟಿಆರ್3 ಸ್ಪೋರ್ಟ್ಸ್ ಕಾರಿನ ಮುಂದಿನ ಚಕ್ರಕ್ಕೆ ಡಿಸ್ಕ್ ಹಾಕಿದಾಗ ಅದು ದೊಡ್ಡ ಸುದ್ದಿ. ಹಿಂದಿನ ಡ್ರಮ್ ಒಂದೇ ಅಳತೆ ಆದರೂ ಒಳಗಿನ ಸಿಲಿಂಡರಿನ ಬಾಯಿ ಮಾಡೆಲ್ಲಿಗೆ, ವರ್ಷಕ್ಕೆ ತಕ್ಕಂತೆ ಬೇರೆಯಾಗುತ್ತೆ. ಹೊರಗಿನ ರೂಪ ಮಾತ್ರ ಅವಳಿ ಮಕ್ಕಳಂತೆ. ಆದ್ದರಿಂದ ‘ಸ್ಪಿಟ್‌ಫೈರಿನದು ಹೆರಾಲ್ಡಿಗೆ ಆಗುತ್ತೆ’ ಎಂಬುದು ಅರ್ಧ ಸತ್ಯ. ಬ್ರೇಕಿನಲ್ಲಿ ಅರ್ಧ ಸತ್ಯ ಪೂರ್ತಿ ಸುಳ್ಳಿಗಿಂತ ಅಪಾಯ.

ಆದರೂ ಆ ಸ್ಪೋರ್ಟ್ಸ್ ಕಾರಿನ ಋಣ ನನ್ನ ಮೇಲಿದೆ. 1980ರವರೆಗೆ ಮೂರು ಲಕ್ಷಕ್ಕೂ ಹೆಚ್ಚು ಸ್ಪಿಟ್‌ಫೈರ್ ತಯಾರಾದವು. ಅವುಗಳ ಮೇಲೆ ಪ್ರೀತಿ ಇಟ್ಟುಕೊಂಡವರು ಈಗಲೂ ಇದ್ದಾರೆ. ಅವರು ಕೊಳ್ಳುತ್ತಾರೆ ಎಂಬ ಧೈರ್ಯದ ಮೇಲೆ ಇಂಗ್ಲೆಂಡಿನಲ್ಲಿ ಇವತ್ತಿಗೂ ಈ ಜಾತಿಯ ಬ್ರೇಕಿಗೆ ವಾಷರ್, ಹೋಸ್, ಸಿಲಿಂಡರ್ ತಯಾರಾಗುತ್ತಿವೆ. ಶ್ರೀಮಂತರ ಮೋಜಿನ ಕಾರು ಇಲ್ಲದಿದ್ದರೆ ರಾಗಿ ರೈತನ ಹೆರಾಲ್ಡಿಗೆ ಬ್ರೇಕ್ ಇರುತ್ತಿರಲಿಲ್ಲ. ಲೋಕದ ವ್ಯಾಪಾರ ಹೀಗೂ ಇರುತ್ತೆ!

ನಟ್ಟು ಹತ್ತಿತು, ಆದರೆ ಹಿಡಿಯಲಿಲ್ಲ

ನಡುವೆ ಇನ್ನೊಬ್ಬರು ಸಲಹೆ ಕೊಟ್ಟಿದ್ದರು: “ಇಷ್ಟೆಲ್ಲ ಯಾಕೆ? ಮಾರುತಿದು ಹಾಕಿಬಿಡಿ.” ಕೇಳಲು ಚೆನ್ನ. ಹೊಸ ಬ್ರೇಕ್ ಪೂರ್ತಿಯಾಗಿ, ತಿಳಿದವರ ಕೈಯಲ್ಲಿ, ಲೆಕ್ಕ ಹಾಕಿ ಕೂರಿಸಿದರೆ ಅದು ಬೇರೆ ಮಾತು. ಆದರೆ ಒಂದೆರಡು ಸಾಮಾನು ಮಾತ್ರ ಅದರದು, ಮಿಕ್ಕದ್ದು ಇದರದು ಅಂದಾಗ ತೊಂದರೆ ಶುರು.

ಉದಾಹರಣೆಗೆ ಪೈಪಿನ ಕೊನೆಯ ನಟ್ಟು. ನಮ್ಮ ಹಳೇ ಇಂಗ್ಲಿಷ್ ಗಾಡಿಗಳದ್ದು ಇಂಚಿನ ಲೆಕ್ಕ: 3/8 ಇಂಚು, ಇಂಚಿಗೆ 24 ಸುತ್ತು. ಅಂದರೆ 9.5 ಮಿಲಿಮೀಟರ್ ಚಿಲ್ಲರೆ. ಮಿಲಿಮೀಟರ್ ಲೆಕ್ಕದ ಗಾಡಿಗಳಲ್ಲಿ ಸಾಮಾನ್ಯವಾಗಿ 10 ಮಿಲಿಮೀಟರ್, ಸುತ್ತಿಗೆ 1 ಮಿಲಿಮೀಟರ್. ಸಣ್ಣ ನಟ್ಟು ದೊಡ್ಡ ತೂತಿಗೆ ಸಲೀಸಾಗಿ ಹತ್ತುತ್ತೆ. ಬಿಗಿಯಾದ ಹಾಗೂ ಅನ್ನಿಸುತ್ತೆ. ಆದರೆ ಮರೆಯ ತುದಿ ಮಾತ್ರ ಕಚ್ಚಿಕೊಂಡಿರುತ್ತೆ. ಜೋರಾಗಿ ಬ್ರೇಕ್ ಒತ್ತಿದ ದಿನ, ಅಂದರೆ ಬ್ರೇಕ್ ನಿಜವಾಗಿ ಬೇಕಾದ ದಿನ, ಕಿತ್ತುಕೊಂಡು ಬರುತ್ತೆ. ನಾನು ಒಂದನ್ನು ಬೆಂಚಿನ ಮೇಲೆ ಇಟ್ಟು ಸ್ಪಾನರ್ ಹಾಕಿ ನೋಡಿದೆ. ಅರ್ಧ ಸುತ್ತು ಜಾಸ್ತಿ ಹಾಕಿದ್ದೇ ತಡ, ಮರೆ ನುಣ್ಣಗಾಗಿ ಕೈಗೆ ಬಂತು.

ಓ-ರಿಂಗ್ ಬಗ್ಗೆಯೂ ಒಂದು ಮಾತು. ಪಂಪ್‌ಸೆಟ್ ಅಂಗಡಿಯಲ್ಲಿ, ಟ್ರ್ಯಾಕ್ಟರ್ ಅಂಗಡಿಯಲ್ಲಿ ಸಿಗುವ ಕಪ್ಪು ರಿಂಗುಗಳು ಹೆಚ್ಚಾಗಿ ನೈಟ್ರೈಲ್ ರಬ್ಬರಿನವು. ಎಣ್ಣೆಯಲ್ಲಿ ಬಾಳುತ್ತವೆ, ಬ್ರೇಕ್ ದ್ರವದಲ್ಲಿ ಕೆಡುತ್ತವೆ. ಬ್ರೇಕಿಗೆ ಈಗ ಬಳಸುವುದು ಇಪಿಡಿಎಂ ಎಂಬ ಬೇರೆ ರಬ್ಬರು. ಅದು ಎಣ್ಣೆಯಲ್ಲಿ ಕೆಡುತ್ತೆ. ನೋಡಲು ಎರಡೂ ಕಪ್ಪೇ, ಎರಡೂ ಮೆತ್ತಗೇ.

ಕೊನೆಗೆ ಆದದ್ದು

ಹಳೇ ಸಿಲಿಂಡರುಗಳು ಹೊರಗೆ ಚೆನ್ನಾಗಿದ್ದವು, ಒಳಗೆ ತುಕ್ಕಿನ ಗುಳಿ. ಆ ಗುಳಿ ಇದ್ದರೆ ಎಷ್ಟು ಒಳ್ಳೆಯ ವಾಷರ್ ಹಾಕಿದರೂ ತುಟಿ ಹರಿಯುತ್ತೆ. ಹೊಸೂರಿನ ಅದೇ ವರ್ನಿಯರ್ ಮೇಸ್ತ್ರಿಗಳು ಒಳಗೆ ಸ್ಟೇನ್‌ಲೆಸ್ ಸ್ಟೀಲ್ ಕೊಳವೆ ಕೂರಿಸಿ, ಮತ್ತೆ ಮೊದಲಿನ ಅಳತೆಗೇ ನುಣುಪು ಮಾಡಿಕೊಟ್ಟರು. ಅವರಿಗೆ ಹೈಡ್ರಾಲಿಕ್ ಕೆಲಸದ ಅನುಭವ ಇದ್ದದ್ದರಿಂದ ಕೊಟ್ಟೆ. ಬರೀ ನೇಗಿಲ ಬೋಲ್ಟು ಕಡೆಯುವ ಲೇತಿಗೆ ಈ ಕೆಲಸ ಕೊಡಬಾರದು.

ಬೆಂಗಳೂರಿನವರ ಹತ್ತಿರ ಇದ್ದ ಬಿಡಿಭಾಗಗಳ ಪುಸ್ತಕದಿಂದ ನಂಬರ್ ಬರೆದುಕೊಂಡು, ನಾವು ಅಳೆದ ಅಂಕಿಯನ್ನೂ ಪಕ್ಕದಲ್ಲಿ ಬರೆದು, ವಾಷರ್ ಮತ್ತು ಹೋಸ್‌ಗಳನ್ನು ಇಂಗ್ಲೆಂಡಿನಿಂದ ತರಿಸಿದೆವು. ಸುಂಕ ಕಟ್ಟಿದೆ, ಕಾದೆ. ಬಂದ ಮೇಲೆ ಹಾಕುವ ಮೊದಲು ಒಂದೊಂದನ್ನೂ ಮತ್ತೆ ಅಳೆದೆವು. ಒಂದು ಹೋಸ್ ಉದ್ದದಲ್ಲಿ ಬೇರೆ ಬಂದಿತ್ತು. ಪುಸ್ತಕದ ನಂಬರೂ ದೇವರ ವಾಕ್ಯವಲ್ಲ ನೋಡಿ! ವಾಪಸು ಕಳಿಸಿ ಬೇರೆ ತರಿಸಿದ್ದಾಯಿತು.

ಶೂಗಳಿಗೆ ಹೊಸ ಲೈನಿಂಗ್ ಅಂಟಿಸಿದೆವು, ಕಲ್ನಾರು ಇಲ್ಲದ್ದು. ಆ ಕಾಲದ ಲೈನಿಂಗುಗಳಲ್ಲಿ ಕಲ್ನಾರು ಇರುತ್ತಿತ್ತು. ಅದರ ಧೂಳು ಶ್ವಾಸಕೋಶಕ್ಕೆ ವಿಷ. ಡ್ರಮ್ ಬಿಚ್ಚಿ ಬಾಯಲ್ಲಿ ‘ಉಫ್’ ಎಂದು ಊದುವುದು, ಗಾಳಿ ಪೈಪು ಹಿಡಿಯುವುದು ನಮ್ಮ ಗ್ಯಾರೇಜುಗಳ ಅಭ್ಯಾಸ. ದಯವಿಟ್ಟು ಬಿಡಿ. ಒದ್ದೆ ಬಟ್ಟೆಯಲ್ಲಿ ಒರೆಸಿ, ಬಟ್ಟೆಯನ್ನು ಕವರಿನಲ್ಲಿ ಕಟ್ಟಿ ಎಸೆಯಿರಿ.

ಕೊನೆಗೆ ಡಾಟ್ 4 ದ್ರವ ತುಂಬಿಸಿದೆವು. ಹೊಸದಾಗಿದ್ದಾಗ ಅದು 230 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದು ಎಂದು ಲೆಕ್ಕ. ಗಾಳಿಯ ತೇವ ಹೀರಿಕೊಂಡ ಮೇಲೆ ಅದು 155ಕ್ಕೆ ಇಳಿದರೂ ಇಳಿಯಬಹುದು. ಅದಕ್ಕೇ ಎರಡು ವರ್ಷಕ್ಕೊಮ್ಮೆ ಬದಲಾಯಿಸು ಅನ್ನುವುದು, ಮುಚ್ಚಳ ತೆರೆದಿಟ್ಟ ಬಾಟಲಿ ಬೇಡ ಅನ್ನುವುದು. ಆಮೇಲೆ ಪೆಡಲ್ ಒತ್ತಿ ಹಿಡಿದು ಒಂದು ನಿಮಿಷ ಕೂತೆ. ಕೆಳಗಿಳಿಯಲಿಲ್ಲ. ಖಾಲಿ ಹೊಲದಲ್ಲಿ ನಡೆಯುವ ವೇಗದಲ್ಲಿ ಹತ್ತು ಸಲ, ಓಡುವ ವೇಗದಲ್ಲಿ ಹತ್ತು ಸಲ ನಿಲ್ಲಿಸಿ ನೋಡಿದ ಮೇಲೆಯೇ ರಸ್ತೆಗೆ ತಂದದ್ದು.

ಚೀಟಿಯಲ್ಲಿ ಬರೆದುಕೊಳ್ಳಿ

ತೋಟದ ಗುಲಾಬಿ, ಟೊಮೆಟೊ, ಕೋಸು ತುಂಬಿಕೊಂಡು ಹೊಸೂರಿಗೂ ಬೆಂಗಳೂರಿಗೂ ಹೋಗುವ ನಮ್ಮ ಗಾಡಿಗಳಿಗೂ ಇದೇ ನಿಯಮ. ಸಾಮಾನು ಕೊಳ್ಳಲು ಹೋಗುವಾಗ ನಾನು ಈಗ ಜೇಬಿನಲ್ಲಿ ಒಂದು ಚೀಟಿ ಇಟ್ಟುಕೊಳ್ಳುತ್ತೇನೆ. ಗಾಡಿಯ ಮಾಡೆಲ್ಲು, ವರ್ಷ. ಹಳೇ ಭಾಗದ ಮೇಲಿನ ಎರಕದ ಅಂಕಿ. ವರ್ನಿಯರಿನಲ್ಲಿ ಅಳೆದ ಬಾಯಿ. ಮರೆ ಇಂಚಿನದೋ ಮಿಲಿಮೀಟರಿನದೋ. ಹೋಸಿನ ಉದ್ದ, ಎರಡೂ ತುದಿಯ ರೂಪ. ಡ್ರಮ್ಮಿನ ಅಡ್ಡಳತೆ, ಲೈನಿಂಗಿನ ಅಗಲ. ಹಳೇ ಸಾಮಾನನ್ನು ಹೊಸದು ಕೂತು ಕೆಲಸ ಮಾಡುವವರೆಗೆ ಗುಜರಿಗೆ ಹಾಕುವುದಿಲ್ಲ. ಅದೇ ಸಾಕ್ಷಿ.

ಬಾಟಲಿಯ ಮೇಲೆ ಅನುಮಾನ ಬಂದರೆ ಒಂದು ಸುಲಭ ಪರೀಕ್ಷೆ. ಗಾಜಿನ ಲೋಟದ ನೀರಿಗೆ ಎರಡು ಹನಿ ಬಿಡಿ. ಮಾಮೂಲಿ ಬ್ರೇಕ್ ದ್ರವ ಕರಗಿಹೋಗುತ್ತೆ, ಎಣ್ಣೆ ತೇಲುತ್ತೆ. ತೇಲಿದರೆ ಆ ಬಾಟಲಿ ಬ್ರೇಕಿನ ಹತ್ತಿರವೂ ಬರಬಾರದು. ಆ ಲೋಟದಲ್ಲಿ ಆಮೇಲೆ ಯಾರೂ ನೀರು ಕುಡಿಯಬಾರದು.

ಮತ್ತೆ ‘ಅಡ್ಜಸ್ಟ್’ ವಿಷಯ. ಡ್ರಮ್ ಬ್ರೇಕಿನ ಹಿಂಬದಿಯ ತಟ್ಟೆಯಲ್ಲಿ ಶೂ ಹತ್ತಿರ ತರಲು ಒಂದು ಚೌಕ ತಲೆಯ ಸಣ್ಣ ಬೋಲ್ಟ್ ಇದೆ. ಹೆಸರೇ ಅಡ್ಜಸ್ಟರ್. ಬ್ರೇಕಿನಲ್ಲಿ ಅಡ್ಜಸ್ಟ್ ಮಾಡಲೆಂದು ದೇವರು ಕೊಟ್ಟದ್ದು ಅದೊಂದನ್ನೇ. ಮಿಕ್ಕದ್ದೆಲ್ಲ ಸರಿಯಾದದ್ದಿರಬೇಕು, ಇಲ್ಲ ಗಾಡಿ ಷೆಡ್ಡಿನಲ್ಲಿರಬೇಕು.

ಕಳೆದ ಒಕ್ಕಣೆಯಲ್ಲಿ ಅದೇ ಇಳಿಜಾರಿನಲ್ಲಿ ಅದೇ ಹೊತ್ತಿಗೆ ಬಂದೆ. ಬೇಕೆಂದೇ ನಿಧಾನವಾಗಿ ಬಂದೆ ಅನ್ನಿ. ಹುಲ್ಲಿನ ರಾಶಿಗೆ ಹತ್ತು ಮಾರು ಇರುವಾಗಲೇ ಬ್ರೇಕ್ ಒತ್ತಿದೆ. ಗಾಡಿ ನೆಟ್ಟಗೆ, ಯಾವ ಕಡೆಗೂ ಎಳೆಯದೆ ನಿಂತಿತು. ಆ ಅಜ್ಜಿ ಮೊರ ಹಿಡಿದು ಕಾಳು ತೂರುತ್ತಿದ್ದರು. ಗುರುತು ಹಿಡಿದರು. ಮೊರ ಕೆಳಗಿಟ್ಟು, ಕಾರನ್ನು ಮೇಲಿಂದ ಕೆಳಗೆ ನೋಡಿ, “ನಿಂತ್ಕಂತದಾ ಈಗ?” ಅಂದರು.

“ನಿಂತಿದೆಯಲ್ಲ ಅಜ್ಜಿ.”

“ಸರಿ ಹಂಗಾದ್ರೆ, ತೆನೆ ಮ್ಯಾಲೆ ನಾಕು ಸಲ ಹತ್ಸಿ ಹೋಗು. ಕಾಳು ಉದ್ರಲಿ.”

ಹಿಂದಕ್ಕೆ, ಮುಂದಕ್ಕೆ, ನಾಲ್ಕು ಸಲ ಹತ್ತಿಸಿಯೇ ಊರಿಗೆ ಬಂದೆ.